ಬೇರಿಂಗ್

ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದ ಕೈ ಇದು,
ಶಿವಮೊಗ್ಗದ ಅಂಚೆ ಸಾರ್ಟಿಂಗಿನ ರಾತ್ರಿ ಪಾಳಿಯಲ್ಲಿ.
ತೀರ್ಥಹಳ್ಳಿ ಈ ಖಾನೆಗೆ, ಸೊರಬ ಆ ಖಾನೆಗೆ,
ಅಕ್ಷರ ತಿಳಿಯದ್ದು ಮೇಜಿನ ಮೂಲೆಗೆ.

ಈಗ ವಿನೋಬನಗರದ ತಾರಸಿ.
ಪೇಂಟ್ ಡಬ್ಬ ಹದಿನಾಲ್ಕು, ಒಡೆದ ಬಕೆಟ್ ಎರಡು,
ಮೀನು ಮಾರ್ಕೆಟ್ಟಿನ ಥರ್ಮಾಕೋಲ್ ಪೆಟ್ಟಿಗೆ ಒಂದು.
ಎಷ್ಟು ತೊಳೆದರೂ ಬೆಕ್ಕು ಒಪ್ಪುವುದಿಲ್ಲ
ಅದು ಖಾಲಿಯೆಂದು.

ಡಬ್ಬಕ್ಕೊಂದು ವಿಳಾಸ ಬರೆದಿದ್ದೇನೆ:
ಬದನೆ, ಮೆಂತ್ಯ, ಹಸಿಮೆಣಸು, ಬಸಳೆ.
ಬರುವವರು ಬೇರೆ.
ಹುಳಿಸೊಪ್ಪು, ನೆಲನೆಲ್ಲಿ, ಗರಿಕೆ,
ಚೀಟಿ ಹಚ್ಚದೆ ಬಂದ ಬೇರಿಂಗ್ ಕಾಗದಗಳು.
ದಂಡ ತೆರುವವನು ನಾನು:
ಒಂದು ಬೆನ್ನು, ಎರಡು ಮಂಡಿ.
ಆ ಪದದೊಳಗೆ ಬೇರು ಇದೆಯೆಂದು
ಹೊಳೆದದ್ದೇ ನಿವೃತ್ತಿಯ ಮೇಲೆ.

ಕೊನ್ನಾರಿಯ ಕತೆ ಮಾತ್ರ ಕೇಳಬೇಡಿ.
ಗಾಜನೂರು ಕಡೆಯ ಮಣ್ಣು, ಚೀಲಕ್ಕೆ ಅರವತ್ತು ಕೊಟ್ಟೆ,
ಗಡ್ಡೆ ಪುಕ್ಕಟೆ ಬಂತು.
ಎಳೆದರೆ ಎಲೆ ಕೈಗೆ, ಗಡ್ಡೆ ಒಳಗೇ,
ಬೆಳಗಾದರೆ ಮತ್ತೆ ಅದೇ ಹಸಿರು ಸೂಜಿ.
ಕೊನೆಗೆ ಬದನೆಯ ಡಬ್ಬ ಬೋರಲು ಹಾಕಿ
ಟಾರ್ಪಾಲಿನ ಮೇಲೆ ಮಣ್ಣು ಹರವಿ
ಅಕ್ಕಿ ಆರಿಸಿದ ಹಾಗೆ ಆರಿಸಿದೆ.
ಎಪ್ಪತ್ತೆಂಟು. ಎಣಿಸುವುದು ನನ್ನ ಚಟ.
ಒಂದಕ್ಕೊಂದು ನೂಲು ಕಟ್ಟಿಕೊಂಡ ಕರಿಮಣಿಗಳು.
ಎಪ್ಪತ್ತೊಂಬತ್ತನೆಯದು ಎಲ್ಲೋ ಇದೆ,
ಅದಕ್ಕೂ ಗೊತ್ತು, ನನಗೂ ಗೊತ್ತು.

ಬಟ್ಟೆ ಹರವಲು ಬಂದ ಕೆಳಮನೆಯ ಗುತ್ಯಮ್ಮ
ನನ್ನ ಕಸದ ಬುಟ್ಟಿಗೆ ಕೈ ಹಾಕಿದಳು.
"ನೆಲನೆಲ್ಲಿ ಎಸೀತೀರಾ? ತಂಬುಳಿಗಾಯ್ತು ಇದು.
ಹುಳಿಸೊಪ್ಪು ಗೊಜ್ಜಿಗೆ."
ಸೆರಗಿಗೆ ತುಂಬಿಕೊಂಡು ಹೋದಳು.
ಸಂಜೆ ಒಂದು ಲೋಟ ಮೆಟ್ಟಿಲು ಹತ್ತಿ ಬಂತು.
ಅಷ್ಟು ವರ್ಷದ ಕೆಲಸದಲ್ಲಿ, ನನ್ನ ಕೈತಪ್ಪಿಗೆ
ಯಾರೂ ತಂಬುಳಿ ಕಳಿಸಿರಲಿಲ್ಲ.

ಮೆಣಸಿನ ಬುಡದಲ್ಲಿ ಇನ್ನೊಂದಿತ್ತು,
ಎರಡೇ ಎಲೆ. ಅವಳಿಗೂ ಗುರುತು ಸಿಗಲಿಲ್ಲ.
ವಾರಸುದಾರರಿಲ್ಲದ್ದನ್ನು ಏಳು ದಿನ ಇಟ್ಟುಕೊಳ್ಳಬೇಕು,
ಇಲಾಖೆಯ ನಿಯಮ.
ಹಿಡಿ ಮುರಿದ ಟೀ ಕಪ್ಪಿಗೆ ಬದಲಿಸಿದೆ,
ಸಿಂಟೆಕ್ಸಿನ ನೆರಳಿಗಿಟ್ಟೆ,
ಚಮಚದಲ್ಲಿ ನೀರು.

ಎಂಟನೆಯ ದಿನ ಹೊಸ ಎಲೆ
ಸೀಳು ಸೀಳಾಗಿ ಬಿಚ್ಚಿತು.
ಕಾಂಗ್ರೆಸ್ ಗಿಡ.
ಸವಳಂಗ ರಸ್ತೆಯ ಬದಿಗೆ ಗಾಡಿಗಟ್ಟಲೆ ಇರುವುದು,
ಮುಟ್ಟಿದರೆ ತುರಿಕೆ.
"ಹೂ ಬಿಡೋದ್ರೊಳಗೆ ಕಿತ್ತು ಹಾಕಿ ಮಾರಾಯ್ರೆ,
ಬಿಟ್ರೆ ಇಡೀ ಬೀದಿಗಾಗತ್ತೆ," ಅಂದಳು ಗುತ್ಯಮ್ಮ.

ಹೌದು, ಕೀಳಬೇಕು.
ಬೆರಳು ಕಪ್ಪಿನ ಅಂಚಿನವರೆಗೂ ಹೋಯಿತು.

ಇವತ್ತು ಭಾನುವಾರ, ಅಂದೆ.
ಬಟವಾಡೆ ಇಲ್ಲ.