ತೆನೆಯ ಲೆಕ್ಕ

ಹಬ್ಬಕ್ಕೆ ಮೂರು ದಿನ ಮುಂಚೆ
ಗುರ್ಕಾರ ಎಲಿಯಾಸ್ ಪಟ್ಟಿ ಹಿಡಿದು ಬಂದಿದ್ದ:
'ಮನೆಯಲ್ಲಿ ಎಷ್ಟು ತಲೆ, ಬಾಯಿ?'
ಐದು ಎಂದೆ. ಬರೆದುಕೊಂಡ.

ಆಮೇಲೆ ಗುರುಪುರ ಹೊಳೆಯಾಚೆ
ಯಾರೋ ಯಾರನ್ನೋ ಇರಿದರು.
ಬಸ್ಸು ನಿಂತಿತು. ಶಟರುಗಳು ಇಳಿದವು.
ಮಳೆಗೆ ಜರಿದ ನಮ್ಮ ಕಂಪೌಂಡು ಕಟ್ಟಲು ಬಂದ ಸಬೀರುಲ್
ಕೈಯಲ್ಲಿ ಕರಣೆ ಹಿಡಿದು ಅಂಗಳದಲ್ಲೇ ಉಳಿದ.
ಗೋಡೆ ಮೊಣಕಾಲೆತ್ತರ.
ಮುರ್ಶಿದಾಬಾದಿನವನು;
ನಮ್ಮ ಬೀದಿಯ ಬಾಯಲ್ಲಿ ಬರೀ 'ಬಾಂಗ್ಲಾ'.

ಪಕ್ಕದ ಸಿಪ್ರಿಯನ್ ಬೇಲಿಯಿಂದಲೇ ಕೂಗಿದ:
'ದಾಖಲೆ ನೋಡಿದ್ದೀರಾ? ಕಾಲ ಒಳ್ಳೇದಿಲ್ಲ ಮಾರಾಯ್ರೆ.'
ಯಾವ ಕಾಲ ಒಳ್ಳೇದಿತ್ತು ಎಂದು ಕೇಳಲಿಲ್ಲ ನಾನು.
ಧೈರ್ಯದವಳಲ್ಲ.
ಜಗಲಿಯಲ್ಲಿ ಚಾಪೆ ಕೊಟ್ಟು
ಒಳಗಿನಿಂದ ಎರಡು ಚಿಲಕ ಹಾಕಿ
ಕರಿಮಣಿ ಬಿಚ್ಚಿ ಅಕ್ಕಿ ಡಬ್ಬಿಗೆ ಇಳಿಸಿದೆ.
ಆಮೇಲೆ ಮೊಣಕಾಲೂರಿ ತೇರ್ಸ್ ಹೇಳಿದೆ,
ಮಣಿ ಮಣಿಗೂ
ಹೊರಗಿನ ಕೆಮ್ಮು ಎಣಿಸುತ್ತ.

ಮುಂಜಾನೆ ಚಿಲಕ ತೆಗೆಯುವ ಸದ್ದಿಗೆ
ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು:
'ಇವತ್ತು ಯಾರು ಹುಟ್ಟಿದ ಹಬ್ಬ?'
'ಮರಿಯಮ್ಮ.'
'ತಲೆಯೆಣಿಕೆಗೆಂದು ತುಂಬು ಬಸುರಿ
ಪರವೂರಿಗೆ ನಡೆದವಳು.
ಅಲ್ಲಿಯೂ ಚಿಲಕ ಗಟ್ಟಿಯಿತ್ತಂತೆ.'
ಅಷ್ಟೇ. ಮತ್ತೆ ಚಾ ಕೇಳಿದರು.

ಇಗರ್ಜಿಯಲ್ಲಿ ಮೆರವಣಿಗೆಯಿಲ್ಲ. ಗೇಟಿನಲ್ಲಿ ಪೊಲೀಸು ವ್ಯಾನು.
ಮಕ್ಕಳು ಹೂವಿನ ಬುಟ್ಟಿಯನ್ನು ಅಪ್ಪನ ಕೊಡೆಯಡಿ ತಂದರು.
ಪಟ್ಟಿಯ ಪ್ರಕಾರ
ತೆನೆ ಸಿಕ್ಕಿದ್ದು ಐದು.

ಮಧ್ಯಾಹ್ನ ಹರಿವೆ, ಬೆಂಡೆ, ಕೆಸುವಿನ ದಂಟು, ಒಟ್ಟು ಒಂಬತ್ತು ಬಗೆ.
ಮೀನಿಲ್ಲ, ಮಾಂಸವಿಲ್ಲ;
ತಿನ್ನುತ್ತಾನೋ ಇಲ್ಲವೋ ಎಂಬ ಗೋಜೂ ಇಲ್ಲ.
'ಆರನೆಯ ಎಲೆ ಎಲ್ಲಿ?' ಎಂದರು ಅತ್ತೆ.

ನಮ್ಮ ಮಕ್ಕಳಿಗೆ ತೆನೆ ಸುಲಿಯಲು ಬಾರದು, ಹಲ್ಲಲ್ಲಿ ಕಚ್ಚುತ್ತಾರೆ.
ಅವನು ಸಿಮೆಂಟು ತಿಂದು ಬಿರಿದ ಹೆಬ್ಬೆರಳುಗುರಲ್ಲಿ
ಹೀಗೆ ಒತ್ತಿದ್ದೇ,
ಸಿಪ್ಪೆ ಇಲ್ಲಿ, ಅಕ್ಕಿ ಅಲ್ಲಿ.
'ನೊಬಾನ್ನೊ' ಎಂದ.
'ನೊವೆಂ' ಎಂದಳು ಕಿರಿಯವಳು, ತಿದ್ದುವ ಹಾಗೆ.
ಇಬ್ಬರೂ ಬಿಟ್ಟುಕೊಡಲಿಲ್ಲ.
ಗದ್ದೆ ಮಾರಿ ಮೂವತ್ತು ವರ್ಷವಾದ ಮನೆಯಲ್ಲಿ
ಹೊಸ ಅಕ್ಕಿಯ ವಾಸನೆ ಗೊತ್ತಿದ್ದವರು ಇಬ್ಬರೇ:
ಅತ್ತೆ, ಮತ್ತು ಅವನು.

ತೆಂಗಿನ ಹಾಲಲ್ಲಿ ಕದಡಿದ್ದು ಹಂಚುವುದು ಹಿರಿಯರಿಂದ ಕಿರಿಯರಿಗೆ.
ಬೆರಳೆಣಿಸಿ ವಯಸ್ಸು ಕೇಳಿದರು ಅತ್ತೆ.
ನನಗಿಂತ ಒಂದು ವರ್ಷ ದೊಡ್ಡವನು.
ಬಟ್ಟಲು ಮೊದಲು ಅವನಿಗೆ,
ಆಮೇಲೆ ನನಗೆ.

ಬಸ್ಸು ಬಿಟ್ಟ ದಿನ, ಗೋಡೆ ಮುಗಿಸಿ ಹೋದ.

ದೂರವಿರುವವರ ಪಾಲನ್ನು ಲಕೋಟೆಯಲ್ಲಿ ಕಳಿಸುವುದು ನಮ್ಮ ಪದ್ಧತಿ.
ನಾದಿನಿಗೆ ಕುವೈಟಿಗೊಂದು, ಮೈದುನನಿಗೆ ಮುಂಬಯಿಗೊಂದು.
ಅತ್ತೆ ಮೂರನೆಯದನ್ನು ಮುಂದೆ ತಳ್ಳಿದರು:
'ಅವನ ಹೆಂಡತಿ ಮಕ್ಕಳ ಲೆಕ್ಕ ಬಾಕಿ.'

ಅಂಚೆಯ ಗುಮಾಸ್ತ ವಿಳಾಸ ಓದಿದ,
ನನ್ನ ಮುಖ ನೋಡಿದ, ಮತ್ತೆ ವಿಳಾಸ.
'ಒಳಗೇನು?'
'ಭತ್ತ.'
'ಅಲ್ಲಿ ಭತ್ತವಿಲ್ಲವಾ?'
'ಉಂಟು. ನಮ್ಮಲ್ಲಿಗಿಂತ ಜಾಸ್ತಿ.'
ಅವನು ಮುದ್ರೆ ಒತ್ತುವಾಗ
ನನ್ನ ಕೈ ಸುಮ್ಮನೆ ಕೊರಳಿಗೆ ಹೋಯಿತು.
ಕರಿಮಣಿ
ಇನ್ನೂ ಅಕ್ಕಿ ಡಬ್ಬಿಯಲ್ಲೇ ಇತ್ತು.