ಪೈಸಾರಿ, ನಲವತ್ತೆರಡು ಸೆಂಟು

ಮೂವತ್ತೊಂದು ವರ್ಷದ ಹಿಂದೆ ನಾನೇ ಅಳೆದ ಜಾಗ.
ಅಳೆದೆ ಅನ್ನುವುದು ಸುಳ್ಳು.
ಪಾಲಿಬೆಟ್ಟದ ದಾರಿಯಲ್ಲಿ ಜೀಪು ನಿಲ್ಲಿಸಿ,
ಲಂಟಾನದೊಳಗೆ ಸರಪಳಿ ಇಳಿಯದೆ,
ಗೋಡೆಯ ಹೊರಗಿನಿಂದಲೇ ನಾಲ್ಕು ಮೂಲೆಗೆ ಗುರಿ ಹಿಡಿದು
ಪುಸ್ತಕದಲ್ಲಿ ಬರೆದೆ: ಪೈಸಾರಿ. ನಲವತ್ತೆರಡು ಸೆಂಟು. ಪಾಳು.
ಷರಾ ಕಾಲಮ್ಮಿನಲ್ಲಿ: ಹಳೆಯ ಗೋರಿಗಳು, ಉಪಯೋಗವಿಲ್ಲ.
ಅಂದು ಮಧ್ಯಾಹ್ನ ಹಸಿವಾಗಿತ್ತು.

ಈಗ ಪಿಂಚಣಿಯವನು. ಸಂತೆಯ ದಿನ ಬಿಟ್ಟು
ದಿನಾ ಕತ್ತಿ ಹಿಡಿದು ಹೋಗುತ್ತೇನೆ.
ಮುತ್ತವ್ವ ಟೀಚರು ಫ್ಲಾಸ್ಕು ತರುತ್ತಾರೆ,
ಸಿಪ್ರಿಯನ್ ಕೀಲಿಕೈ ತರುತ್ತಾನೆ.
ಗೇಟು ಎಂದೋ ಗುಜರಿಗೆ ಹೋಯಿತು, ಕೀಲಿಕೈ ಮಾತ್ರ
ಅವನಪ್ಪನ ಕಾಲದಿಂದ ಮೊಳೆಯಲ್ಲಿ ತೂಗಿತ್ತು.
ಹಾಡಿಯ ಬೋಜ ಲಂಟಾನ ಕೀಳುವುದು ಕಲಿಸಿದ:
ಬೇರು ಅರ್ಧ ಉಳಿದರೂ ಮಳೆಗೆ ದುಪ್ಪಟ್ಟಾಗುತ್ತದೆ
ಸುಳ್ಳು ದಾಖಲೆಯ ಹಾಗೆ. (ಹೋಲಿಕೆ ನನ್ನದು, ಅವನದಲ್ಲ.)
ಕಿತ್ತ ಕೋಲುಗಳ ಬೇಯಿಸಿ, ಸುಲಿದು, ಕುರ್ಚಿ ಮಾಡುತ್ತಾನೆ.
ಅಂಥದೊಂದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕಲ್ಲು ಸಿಕ್ಕಿದ್ದು ಹೂಮಳೆ ಬಿದ್ದ ವಾರ,
ಕಾಫಿ ಹೂವಿನ ವಾಸನೆಗೆ ತಲೆ ಭಾರವಾಗಿದ್ದಾಗ.
ಆಗ್ನೆಸ್. ಎರಡು ವರ್ಷ, ನಾಲ್ಕು ತಿಂಗಳು. ಜ್ವರ.
ಯಾರೋ ತಂತಿ ಬ್ರಶ್ಶಿನಿಂದ ಕಲ್ಲುಹೂವು ಕೆರೆಯಹೊರಟರು.
ಟೀಚರು ಕೈ ತಡೆದರು:
"ಆ ಮಗು ಬೆಳೆಯದ ವರ್ಷಗಳನ್ನೆಲ್ಲ
ಇದು ಬೆಳೆದಿದೆ. ಇರಲಿ ಬಿಡಿ."

ದೊರೆಯೊಬ್ಬನ ಗೋರಿ ಬಿರುಕು ಬಿಟ್ಟು ಒಳಗೆ ತುಡುವೆ ಜೇನು.
ಮೆತ್ತಬೇಕೋ ಬೇಡವೋ ಎಂದು ಪಂಚಾಯಿತಿಯಲ್ಲಿ ಎರಡು ಸಭೆ.
ಕೊನೆಗೆ ಬೆರಳಗಲ ಬಿಟ್ಟು ಗಾರೆ ಮೆತ್ತಿದೆವು.
ಬದುಕಿದ್ದಾಗ ಯಾರಿಗೂ ಜಾಗ ಬಿಟ್ಟವನಲ್ಲವಂತೆ.
ಅದು ಸಿಪ್ರಿಯನ್ನನ ಮಾತು, ದಾಖಲೆಯಿಲ್ಲ.

ಗೋಡೆಯಾಚೆ, ಇಳಿಜಾರಿನಲ್ಲಿ,
ಬೋಜ ನಿಂತುಬಿಟ್ಟ.
ಕಾಡುಗಲ್ಲುಗಳು. ಮೊಣಕಾಲೆತ್ತರ. ಅಕ್ಷರವಿಲ್ಲ.
ಒಂದೊಂದರ ತಲೆಗೂ ಒಂದು ಕೇಪಳದ ಗಿಡ.
ತಾನಾಗಿ ಹುಟ್ಟುವ ಗಿಡ ಸಾಲಾಗಿ ಹುಟ್ಟುವುದಿಲ್ಲ.
ಎಣಿಸಿದ: ಐವತ್ತೊಂದು. ಚಿಕ್ಕವು ಹದಿನೆಂಟು.
ನನ್ನ ನಕ್ಷೆಯಲ್ಲಿ ಆ ಇಳಿಜಾರು ಬರಿ ಕಾಗದ.
ಗೋಡೆ ಮುಗಿದಲ್ಲಿಗೆ ಸತ್ತವರೂ ಮುಗಿದರೆಂದು
ರುಜು ಹಾಕಿದವನು ನಾನು.
"ಅಜ್ಜಿಯ ಅವ್ವ ಈ ತೋಟದಲ್ಲೇ ಸತ್ತದ್ದಂತೆ" ಎಂದ.
ಯಾವ ಕಲ್ಲಿನ ಕಡೆಗೂ ಬೆರಳು ಮಾಡಲಿಲ್ಲ.
ಅಂದು ಯಾರೂ ಅಲ್ಲಿ ಕತ್ತಿ ಆಡಿಸಲಿಲ್ಲ.

ಲಂಟಾನ ಹೋದ ಮೇಲೆ ಗೋಡೆಯ ನೆರಳಿಗೆ
ಮದ್ದುಸೊಪ್ಪು ಬಂತು. ನೆಟ್ಟವರಿಲ್ಲ.
ಕಕ್ಕಡದ ಹದಿನೆಂಟಕ್ಕೆ ಕೊಡೆಗಳು ಬಂದವು,
ಕೊಡೆಗಳ ಕೆಳಗೆ ಊರು.
ಮೊಯ್ದುವಿನ ಹೆಂಡತಿ ಸೈನಬಾ ಸೆರಗಲ್ಲೇ ಕೊಯ್ದು ತುಂಬಿದಳು.
ಕೆಲವರು ಎಲೆ ಮುಟ್ಟಿ ಕೈ ಹಿಂದೆಗೆದರು:
ಹೂತ ಜಾಗದ ಸೊಪ್ಪು ತಿನ್ನುವುದೇ?
ಲೈನುಮನೆಯ ಒಬ್ಬ ಮುದುಕಿ ಗೋಡೆಗೆ ಕೈಯೂರಿ ನಕ್ಕಳು:
"ತೋಟದ ಕಾಫಿ ಕುಡೀತೀರಲ್ಲ,
ಅದರ ಬುಡದಲ್ಲಿ ಯಾರ್ಯಾರಿದ್ದಾರೆ, ಗೊತ್ತಾ?"

ಸಂಜೆ ಪಾಯಸ ನೇರಳೆ, ಎಲ್ಲರ ನಾಲಿಗೆ ನೇರಳೆ.
ತಮ್ಮ ಉಚ್ಚೆ ಕೆಂಪಾದ ಸುದ್ದಿಯನ್ನು ಮಕ್ಕಳು
ಬೆಳಗ್ಗೆ ಗೇಟಿಲ್ಲದ ಗೇಟಿನಲ್ಲಿ ನಿಂತು
ಆಗ್ನೆಸಳಿಗೂ ಕೇಳುವಂತೆ ಕೂಗಿದರು.

ಮರುದಿನ ಟೇಪು ಒಯ್ದೆ.
ಗೋಡೆಯಿಂದ ಕೊನೆಯ ಕೇಪಳದವರೆಗೆ. ಕಾಲಿಗೆ ಜಿಗಣೆ ಹತ್ತಿತು,
ಲೆಕ್ಕ ತಪ್ಪೀತೆಂದು ಕೀಳಲಿಲ್ಲ.
ಇಪ್ಪತ್ತಮೂರು ಸೆಂಟು, ಕೆಳಗಿನ ತೋಡಿನತ್ತ ಇನ್ನೂ ಉಳಿದಿದೆ.
ಮಡಿಕೇರಿಗೆ ಅರ್ಜಿ ಸಿದ್ಧ. ಷರಾ ಕಾಲಮ್ಮು ಖಾಲಿ.
ಏನು ಬರೆಯಲಿ ಎಂದು ಬೋಜನನ್ನು ಕೇಳಿದೆ.
ಅವನು ಕುರ್ಚಿಯ ಕೈಗೆ ಹಸಿ ಕೋಲು ಬಗ್ಗಿಸುತ್ತಿದ್ದ.
"ಮೊದಲು ಈ ತುದಿ ಹಿಡೀರಿ" ಅಂದ.