ನೀರುಗಂಟಿಯ ಮೂಗು

ಮೂವತ್ತು ವರ್ಷ ತೂಬು ಎತ್ತಿ ಇಳಿಸಿದವನು,
ಒಂದು ತೊಟ್ಟೂ ಕುಡಿದವನಲ್ಲ.
ಆದರೂ ಮೂಗು ಕೆಂಪು, ಕೆನ್ನೆ ಕೆಂಪು.
ಮಾತಿಗೆ ನಿಂತವರು ಮೊದಲು
ಮೆಲ್ಲಗೆ ಉಸಿರೆಳೆದು ನೋಡುತ್ತಾರೆ.
ಮಗಳನ್ನು ನೋಡಲು ಬಂದವರು
ನನ್ನನ್ನು ನೋಡಿಕೊಂಡು ಹೋದರು.

ಮಂಡ್ಯ, ಗುತ್ತಲು ರಸ್ತೆ,
ಔಷಧದಂಗಡಿಯ ಮೇಲಿನ ಮಹಡಿ.
ಡಾಕ್ಟರ್ ಹಾಜಿರಾ ಕೊಟ್ಟ ಕನ್ನಡಿಯಲ್ಲಿ
ಎಲ್ಲವೂ ಹತ್ತರಷ್ಟು ದೊಡ್ಡದು.
ಅಯ್ಯೋ, ಇದು ನಮ್ಮ ನಾಲೆಯ ನಕ್ಷೆ!
ಮೂಗಿನ ಮಗ್ಗುಲಿಗೆ ದೊಡ್ಡ ಕಾಲುವೆ,
ಕೆನ್ನೆಗೆ ಸೀಳುಗಾಲುವೆ,
ಆಮೇಲೆ ಗದ್ದೆಗದ್ದೆಗೂ ಕೂದಲೆಳೆ.

ಎರಡು ದಾರಿಯಂತೆ.
ಅಗಲದ ಬೆಳಕು ಒಂದು, ಮಿಂಚಿನ ಹಾಗೆ,
ಇಡೀ ಕೆನ್ನೆಗೆ ಒಟ್ಟಿಗೆ.
ಆದರೆ ಬಿಸಿಲುಂಡ ಈ ಕಂದು ಚರ್ಮ
ತಾನೂ ಅದನ್ನು ಕುಡಿದು
ಬೊಬ್ಬೆ ಎದ್ದೀತಂತೆ. (ಕೊನೆಗೂ ಕುಡಿದ ಅನ್ನಿ!)
ಇನ್ನೊಂದು ಲೇಸರು:
ನೆತ್ತರ ಕೆಂಪನ್ನೇ ಹುಡುಕಿ ಹೋಗಿ
ಒಂದೊಂದೇ ನಾಳ ಮುಚ್ಚುವುದು.
ನಾಲ್ಕೈದು ಸಲ ಬರಬೇಕು, ದುಡ್ಡೂ ಜಾಸ್ತಿ.
"ಮುಂದೆ ಹೊಸದು ಮೂಡೋದೇ ಇಲ್ಲ ಅಂತ
ನಾನು ಹೇಳಲ್ಲ" ಅಂದರು.

ಆ ಮಾತಿಗೇ ನಂಬಿಕೆ ಬಂತು.
ಕೆರೆ ಕೋಡಿ ಬೀಳುವುದು ಬೇರೆ,
ತೂಬಿನ ಕೆಲಸ ಬೇರೆ.
"ಎರಡನೇದೇ ಇರಲಿ, ತಾಯಿ."
ಕಿವಿಯ ಹತ್ತಿರ ಮೊದಲು ಒಂದು ಚುಕ್ಕೆ, ಪರೀಕ್ಷೆಗೆ.
ಚಿಟ್. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ.

ಬಸ್ ಸ್ಟ್ಯಾಂಡಿನಲ್ಲಿ ಮಗಳ ಫೋನು:
"ಆ ಮನೆಯೋರಿಗೋಸ್ಕರ ಹೋದ್ಯಾ, ಅಪ್ಪ?"
ಟೋಪಿ ಸರಿಮಾಡಿಕೊಂಡು
ಬಿಸಿಲಿಗೆ ಬೆನ್ನು ತಿರುಗಿಸಿ ನಿಂತೆ.
"ಇಲ್ಲ ಕಣವ್ವ," ಅಂದೆ.
"ಒಂದ್ ತೂಬು ಸೋರ್ತಿತ್ತು."